ಆಸ್ಪತ್ರೆ ಸಿಬ್ಬಂದಿಯ ದೇಣಿಗೆ: ಪಟ್ಟಿ ತಿರುಗಿಸಬೇಡಿ, ಕಾರಣ ಹೇಳಿ

ಬಡ ರೋಗಿಗಳ ನಿಧಿಗೆ ಹಣ ಕೂಡಿಸಲು ಹೊರಡುವ ಆಸ್ಪತ್ರೆಗಳು ಸಾಮಾನ್ಯವಾಗಿ ಮಾಡುವುದಿಷ್ಟೆ: ಸೂಚನಾ ಫಲಕಕ್ಕೆ ಒಂದು ಸುತ್ತೋಲೆ, ವಾಟ್ಸ್ಆ್ಯಪ್ ಗುಂಪಿಗೆ ಒಂದು ಕ್ಯೂಆರ್ ಕೋಡ್, ವಾರ ಕಳೆದ ಮೇಲೆ ವಾರ್ಡಿನಿಂದ ವಾರ್ಡಿಗೆ ಹೆಸರು, ಮೊತ್ತದ ಪಟ್ಟಿ. ಹಣ ಒಂದಿಷ್ಟು ಬರುತ್ತದೆ. ಮರುವರ್ಷ ಅದೇ ಪಟ್ಟಿ ಬಂತೆಂದರೆ ಡ್ಯೂಟಿ ರೂಮು ಮೆಲ್ಲಗೆ ಖಾಲಿಯಾಗುತ್ತದೆ. ಸಿಬ್ಬಂದಿಗೆ ಕರುಣೆ ಇಲ್ಲವೆಂದಲ್ಲ. ರೋಗಿಯ ಕಡೆಯವರ ಊಟಕ್ಕೆ, ಬಸ್ ಚಾರ್ಜಿಗೆ ಸದ್ದಿಲ್ಲದೆ ಕೈಯಿಂದ ಕೊಡುವವರು ಈ ಸಿಸ್ಟರ್‌ಗಳು, ವಾರ್ಡ್ ಬಾಯ್‌ಗಳೇ. ಕೇಳುವ ರೀತಿ ಸರಿಯಿಲ್ಲ, ಅಷ್ಟೆ.

ಅನುಮತಿ, ಖಾತೆ

ಸರ್ಕಾರಿ ಆಸ್ಪತ್ರೆಯಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಪಡೆಯದೆ ಒಂದು ರೂಪಾಯಿಯನ್ನೂ ಎತ್ತಬೇಡಿ. ನಡತೆ ನಿಯಮಗಳ ತೊಡಕು ಬರುತ್ತದೆ. ಆರೋಗ್ಯ ರಕ್ಷಾ ಸಮಿತಿ ಇದ್ದರೆ ಅದರ ಖಾತೆಯೇ ಸರಿಯಾದ ದಾರಿ. ಖಾಸಗಿ ಆಸ್ಪತ್ರೆಯಲ್ಲಿ ಟ್ರಸ್ಟಿನ ಖಾತೆ ಇರಲಿ. ಯಾರೊಬ್ಬರ ಸ್ವಂತ ಮೊಬೈಲ್ ನಂಬರಿಗೂ ಹಣ ಹಾಕಿಸಿಕೊಳ್ಳಬೇಡಿ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ.

‘ಆಯುಷ್ಮಾನ್ ಇದೆಯಲ್ಲ?’

ಸಿಬ್ಬಂದಿ ಕೇಳುವ ಮೊದಲ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಉತ್ತರ ಸಿದ್ಧವಿಲ್ಲದೆ ‘ಬಡವರಿಗೆ ಸಹಾಯ ಮಾಡಿ’ ಎಂದರೆ ಯಾರೂ ಕಿವಿಗೊಡುವುದಿಲ್ಲ.

ಹಾಗಾಗಿ ಯೋಜನೆಯ ಕೈಗೆ ಸಿಗದ ಖರ್ಚುಗಳನ್ನು ಬರೆದಿಟ್ಟುಕೊಳ್ಳಿ. ಬಿಲ್ಲಿಂಗ್ ಕೌಂಟರ್, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ವಾರ್ಡ್ ಇನ್‌ಚಾರ್ಜ್, ಈ ಮೂವರನ್ನು ಕೇಳಿದರೆ ಅರ್ಧ ದಿನದಲ್ಲಿ ಪಟ್ಟಿ ಸಿದ್ಧ. ರಾಯಚೂರು ಕಡೆಯಿಂದ ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಕೀಮೊಗೆ ಬರುವ ಹುಡುಗಿಯನ್ನು ನೆನೆಯಿರಿ. ‘ಶಕ್ತಿ’ ಯೋಜನೆಯಲ್ಲಿ ಅವಳಿಗೂ ತಾಯಿಗೂ ಬಸ್ ಉಚಿತ. ಜೊತೆಗೆ ಬರುವ ತಂದೆಗೆ ಟಿಕೆಟ್ಟು, ಮೂವರಿಗೂ ಊಟ, ತಂಗಲು ಜಾಗ, ಅಪ್ಪನ ತಪ್ಪಿಹೋದ ಕೂಲಿ. ವಾರಕ್ಕೆ ಎರಡು–ಮೂರು ಸಲ ಡಯಾಲಿಸಿಸ್‌ಗೆ ಬರುವವರ ಆಟೊ ಬಾಡಿಗೆ. ಮನೆಗೆ ಹೋದ ಮೇಲೆ ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆ. ಇವುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಂಡು ಅದಕ್ಕೇ ಹಣ ಕೇಳಿ. ‘ಡಯಾಲಿಸಿಸ್ ರೋಗಿಗಳ ಆಟೊ ಖರ್ಚಿಗೆ’ ಎಂದರೆ ಆ ವಿಭಾಗದವರಿಗೆ ಮುಖಗಳೇ ಕಣ್ಣಮುಂದೆ ಬರುತ್ತವೆ.

ಹೆಸರು, ಮೊತ್ತದ ಆ ಪಟ್ಟಿಯ ಸಂಗತಿ

ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ವಿಭಾಗದ ಮುಖ್ಯಸ್ಥರು 5,000 ಎಂದು ಮೊದಲ ಸಾಲು ಬರೆದು ಕಳಿಸಿದ ಪಟ್ಟಿ ಕೊನೆಗೆ ಹೌಸ್‌ಕೀಪಿಂಗ್ ಹೆಂಗಸಿನ ಕೈಗೆ ಬರುತ್ತದೆ. ಅವಳದು ಹೊರಗುತ್ತಿಗೆ ಕೆಲಸ, ಸಂಬಳ ಏಜೆನ್ಸಿಯಿಂದ, ಅದೂ ಎಷ್ಟೋ ಸಲ ತಡವಾಗಿ. ಮೇಲಿನ ಮೊತ್ತಗಳನ್ನು ನೋಡಿ, ಎದುರು ನಿಂತ ಇನ್‌ಚಾರ್ಜ್ ಸಿಸ್ಟರ್ ಮುಖ ನೋಡಿ 200 ಎಂದು ಬರೆಯುತ್ತಾಳೆ. ಅದು ದಾನವಲ್ಲ, ವಸೂಲಿ. ರಜೆ, ಡ್ಯೂಟಿ ರೋಸ್ಟರ್, ಗುತ್ತಿಗೆ ನವೀಕರಣ ಯಾರ ಕೈಯಲ್ಲಿದೆಯೋ ಅವರು ಹಣ ಕೇಳಿದರೆ ‘ಇಲ್ಲ’ ಎನ್ನುವ ಧೈರ್ಯ ಯಾರಿಗಿರುತ್ತದೆ? ‘ಎಷ್ಟಾದರೂ ಕೊಡಿ, ಬಲವಂತವಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಪಟ್ಟಿಯಲ್ಲಿ ಖಾಲಿ ಬಿಟ್ಟ ಜಾಗ ಎಲ್ಲರಿಗೂ ಕಾಣುತ್ತಿರುತ್ತದೆ.

ಬದಲಿಗೆ ಹೀಗೆ ಮಾಡಿ. ಯಾರು ಎಷ್ಟು ಕೊಟ್ಟರೆಂಬುದು ಲೆಕ್ಕಪತ್ರ ವಿಭಾಗದ ಒಬ್ಬರಿಗಷ್ಟೇ ಗೊತ್ತಿರಲಿ. ವಿಭಾಗವಾರು ಮೊತ್ತವನ್ನೂ ಪ್ರಕಟಿಸಬೇಡಿ: ನಾಲ್ಕೇ ಜನರಿರುವ ಎಕ್ಸ್‌ರೇ ವಿಭಾಗದಲ್ಲಿ ಕೊಡದವರು ಯಾರೆಂದು ಊಹಿಸಲು ಕಷ್ಟವೇನಿಲ್ಲ. ವಿಭಾಗಗಳ ನಡುವೆ ಸ್ಪರ್ಧೆ ಇಡುವ ಉತ್ಸಾಹವನ್ನು ದಯವಿಟ್ಟು ಬಿಡಿ. ಕನಿಷ್ಠ ಮೊತ್ತ ಬೇಡ. ಹೊರಗುತ್ತಿಗೆಯವರನ್ನು, ತರಬೇತಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳನ್ನು ಹಣ ಕೇಳಲೇಬೇಡಿ. ತಾವಾಗಿ ಬಂದು ಕೊಟ್ಟರೆ ಗೌರವದಿಂದ ತೆಗೆದುಕೊಳ್ಳಿ. ಮುಖ್ಯಸ್ಥರು ಕೊಡುವುದು ಒಳ್ಳೆಯದೇ, ಆದರೆ ಕೇಳಲು ಅವರು ಬರಬಾರದು.

ಹಾಗಾದರೆ ಕೇಳುವವರು ಯಾರು?

ಜೊತೆಯಲ್ಲೇ ಕೆಲಸ ಮಾಡುವವರು. ವಿಭಾಗಕ್ಕೊಬ್ಬರನ್ನು ಒಪ್ಪಿಸಿ: ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನೀಷಿಯನ್, ಫಾರ್ಮಸಿಯವರು. ಪಾಳಿ ಬದಲಾಗುವಾಗ ಹ್ಯಾಂಡೋವರ್ ಮುಗಿದ ಮೇಲೆ ಎರಡು ನಿಮಿಷ ಸಾಕು. ಹ್ಯಾಂಡೋವರ್ ನಡುವೆ ಖಂಡಿತ ಬೇಡ, ರೋಗಿಯ ಔಷಧಿಯ ಮಾತು ತಪ್ಪಿಹೋದೀತು. ರಾತ್ರಿ ಪಾಳಿಯವರನ್ನು ಎಲ್ಲರೂ ಮರೆಯುತ್ತಾರೆ. ಅವರಲ್ಲೂ ಒಬ್ಬರನ್ನು ನೇಮಿಸಿ. ಕೇಳುವುದು ಸಂಬಳ ಬಂದ ವಾರದಲ್ಲಿ. ಜೂನ್ ತಿಂಗಳು ಶಾಲೆ ಶುಲ್ಕದ ತಿಂಗಳು, ಅದನ್ನು ಬಿಟ್ಟುಬಿಡಿ.

ಎಲ್ಲರಿಗೂ ಹಣವೇ ಕೊಡಲು ಆಗದು. ರಜೆಯ ದಿನ ಎರಡು ಗಂಟೆ ಸಹಾಯ ಕೇಂದ್ರದಲ್ಲಿ ಕೂತು ಆಯುಷ್ಮಾನ್ ಅರ್ಜಿ ತುಂಬಿಕೊಡುವ ಕ್ಲರ್ಕ್ ಎಷ್ಟೋ ದೇಣಿಗೆಗಿಂತ ದೊಡ್ಡ ಉಪಕಾರ ಮಾಡುತ್ತಾರೆ. ಅದನ್ನೂ ಮನವಿಯಲ್ಲಿ ಸೇರಿಸಿ.

ರೋಗಿಯ ಫೋಟೊ ಬೇಡ

ವಾಟ್ಸ್ಆ್ಯಪ್ ಗುಂಪಿಗೆ ಮಗುವಿನ ಫೋಟೊ ಹಾಕಿದರೆ ಹಣ ಬೇಗ ಬರುತ್ತದೆ, ನಿಜ. ಆದರೆ ಗುರುತು ಸಿಗುವಂಥ ರೋಗಿಯ ಚಿತ್ರವನ್ನು ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದೆಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳೇ ಹೇಳುತ್ತವೆ. ಹಾಸಿಗೆಯ ಮೇಲೆ ಮಲಗಿಕೊಂಡು, ಚಿಕಿತ್ಸೆ ನಿಲ್ಲಿಸಿಯಾರೆಂಬ ಭಯದಲ್ಲಿ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೆಸರು, ಊರು ಬಿಟ್ಟು ಖರ್ಚನ್ನಷ್ಟೇ ಹೇಳಿ.

ಸಂಬಳ, ತೆರಿಗೆ, ಲೆಕ್ಕ

ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಹಿಡಿಯುವುದಾದರೆ ಪ್ರತಿಯೊಬ್ಬರಿಂದ ಬೇರೆ ಬೇರೆ ಸಹಿ ಇರುವ ಒಪ್ಪಿಗೆ ಪತ್ರ ಪಡೆಯಿರಿ. ಯಾವಾಗ ಬೇಕಾದರೂ ನಿಲ್ಲಿಸಬಹುದೆಂದು ಅದರಲ್ಲೇ ಬರೆದಿರಲಿ. 80ಜಿ ಎಂದು ಬಳಕೆಯಲ್ಲಿರುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಅದೂ ಟ್ರಸ್ಟಿಗೆ ಆ ನೋಂದಣಿ ಇದ್ದರೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ. ಪ್ಯಾನ್ ಸಂಖ್ಯೆಯನ್ನು ದೇಣಿಗೆ ಬಂದಾಗಲೇ ಪಡೆದು, ಹಣಕಾಸು ವರ್ಷ ಮುಗಿದ ಮೇಲೆ ಪ್ರಮಾಣಪತ್ರ ಮರೆಯದೆ ಕೊಡಿ. ಎಷ್ಟು ಬಂತು, ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನು ಮೂರು ತಿಂಗಳಿಗೊಮ್ಮೆ ಅದೇ ಸೂಚನಾ ಫಲಕದಲ್ಲಿ ಒಂದು ಹಾಳೆಯಲ್ಲಿ ಅಂಟಿಸಿ. ಹೊಸ ಮನವಿ ಅದರ ನಂತರವೇ.