ಸಾಲದ ದಾಖಲೆ ಕೆಟ್ಟಿದ್ದರೆ ಸರಿಪಡಿಸುವುದು ಹೇಗೆ?



"ಹಳೇ ಸಾಲ ತೀರಿಸಿದ್ದೀನಲ್ಲ, ಬ್ಯಾಂಕಿನವರು ಮತ್ತೆ ಯಾಕೆ ಕೊಡಲ್ಲ ಅಂತಾರೆ?" ಎಂದು ಕೆಲವರು ಕೇಳುತ್ತಾರೆ. ನಾವು ಕಟ್ಟಿದ ಕಂತು, ತಪ್ಪಿಸಿದ ಕಂತು ಎರಡೂ ಸಿಬಿಲ್‌ನಂಥ ನಾಲ್ಕು ಸಂಸ್ಥೆಗಳಲ್ಲಿ ದಾಖಲಾಗುತ್ತವೆ. ಇನ್ನೊಬ್ಬರಿಗೆ ಹಾಕಿದ ಜಾಮೀನೂ ಅಲ್ಲಿ ಕಾಣುತ್ತದೆ. ಸಿಬಿಲ್ ಅಂಕ 300ರಿಂದ 900ರವರೆಗೆ.

ತೀರಿಸುವುದರಲ್ಲೂ ಎರಡು ಬಗೆ. ಬಾಕಿ 20,000 ರೂಪಾಯಿ ಇದೆ ಅನ್ನಿ. "12,000 ಕಟ್ಟಿ, ಸಾಕು" ಎಂದು ಬ್ಯಾಂಕು ರಾಜಿಗೆ ಬಂದರೆ ವಸೂಲಿಯ ಕಾಟವೇನೋ ತಪ್ಪುತ್ತದೆ. ಆದರೆ ದಾಖಲೆಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದು ಬೀಳುತ್ತದೆ. ಅಂದರೆ ಪೂರ್ತಿ ಕಟ್ಟಿಲ್ಲ ಎಂದರ್ಥ. ಮುಂದೆ ಸಾಲ ಕೊಡುವವರು ಹಿಂಜರಿಯುವುದು ಇದಕ್ಕೇ. ಕೈಲಾದಾಗ ಉಳಿದದ್ದನ್ನೂ ಕಟ್ಟಿ, ಬೇಬಾಕಿ ಪತ್ರ ಪಡೆದು, ದಾಖಲೆ ತಿದ್ದಿಸಲು ಬ್ಯಾಂಕಿಗೆ ಅರ್ಜಿ ಕೊಡಿ.

ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನೀವು ಪಡೆಯದ ಸಾಲ ಅದರಲ್ಲಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. "ದುಡ್ಡು ಕೊಡಿ, ಸಿಬಿಲ್ ಕ್ಲೀನ್ ಮಾಡಿಸ್ತೀವಿ" ಅನ್ನುವವರಿಗೆ ಮಾತ್ರ ಒಂದು ಪೈಸೆಯೂ ಕೊಡಬೇಡಿ. ನಿಜವಾಗಿ ತಪ್ಪಿದ ಕಂತನ್ನು ದಾಖಲೆಯಿಂದ ಅಳಿಸುವ ದಾರಿ ಅವರಿಗೂ ಇಲ್ಲ. ಇನ್ನು, ನಿಮ್ಮ ವರದಿಯನ್ನು ನೀವೇ ತರಿಸಿ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ.