ನೀರಿನ ಮಟ್ಟವನ್ನು ತಿಳಿಸುವ ಗಾಳಿ

ಬಟ್ಟೆ ಒಗೆಯುವ ಯಂತ್ರದಲ್ಲಿ ಕೆಲವೊಮ್ಮೆ ವಿಚಿತ್ರವಾದ ದೋಷವೊಂದು ಕಾಣಿಸಿಕೊಳ್ಳುತ್ತದೆ. ತೊಟ್ಟಿ ತುಂಬಿದ ಮೇಲೂ ನೀರು ಬರುತ್ತಲೇ ಇರುತ್ತದೆ. ಇಲ್ಲವೆ, ತೊಟ್ಟಿ ಬರಿದಾಗಿದ್ದರೂ ನೀರಿದೆಯೆಂದೇ ಬಗೆದು ಯಂತ್ರವು ನಿಂತುಬಿಡುತ್ತದೆ. ಮೊದಲನೆಯದರಿಂದ ಮನೆಯ ನೆಲವೆಲ್ಲ ನೀರಾದೀತು. ಎರಡನೆಯದು ಇನ್ನೂ ಅಪಾಯಕರ. ನೀರನ್ನು ಕಾಯಿಸುವ ಯಂತ್ರವಾದರೆ, ಇತರ ರಕ್ಷಣೆಗಳೂ ಕೈಕೊಟ್ಟ ಪಕ್ಷದಲ್ಲಿ, ನೀರಿಲ್ಲದೆಯೇ ಕಾದು ಅದರ ಹೀಟರು ಸುಟ್ಟುಹೋದೀತು. ಇಂಥ ಸಂದರ್ಭದಲ್ಲಿ ಯಂತ್ರದ ಮಿದುಳೇ ಕೆಟ್ಟಿತೆಂದು ತಿಳಿದು, ಬೆಲೆಬಾಳುವ ಎಲೆಕ್ಟ್ರಾನಿಕ್ ಫಲಕವನ್ನು ಬದಲಾಯಿಸುವವರುಂಟು. ಎಷ್ಟೋ ಸಲ ತಪ್ಪು ಇರುವುದು ಒಂದು ಸಣ್ಣ ರಬ್ಬರು ಕೊಳವೆಯಲ್ಲಿ!

ಕಣ್ಣಿಲ್ಲದ ಯಂತ್ರಕ್ಕೆ ನೀರಿನ ಮಟ್ಟ ತಿಳಿಯುವುದಾದರೂ ಹೇಗೆ? ಒಂದು ಸುಲಭ ಪ್ರಯೋಗದಿಂದ ಆರಂಭಿಸೋಣ. ಗಾಜಿನ ಲೋಟವನ್ನು ಬೋರಲಾಗಿ ಹಿಡಿದು ಬಕೆಟ್ಟಿನ ನೀರಿನಲ್ಲಿ ನೇರವಾಗಿ ಅದ್ದಿದರೆ, ಲೋಟದೊಳಕ್ಕೆ ನೀರು ಸ್ವಲ್ಪವೇ ಏರುತ್ತದೆ. ಸೆರೆಸಿಕ್ಕ ಗಾಳಿ ಅದನ್ನು ತಡೆಯುತ್ತದೆ. ಲೋಟವನ್ನು ಆಳಕ್ಕೆ ಒತ್ತಿದಷ್ಟೂ ಆ ಗಾಳಿಯ ಒತ್ತಡ ಹೆಚ್ಚುತ್ತದೆ.

ಯಂತ್ರದಲ್ಲಿಯೂ ಏರ್ಪಾಡು ಇದೇ. ತೊಟ್ಟಿಯ ತಳಭಾಗದಲ್ಲಿ ಗಾಳಿಯ ಚಿಕ್ಕ ಗೂಡೊಂದಿರುತ್ತದೆ. ಅದರಿಂದ ಹೊರಟ ಸಣ್ಣ ಕೊಳವೆಯು ಯಂತ್ರದ ಮೇಲ್ಭಾಗದಲ್ಲಿರುವ ಒತ್ತಡಮಾಪಕಕ್ಕೆ ಸೇರುತ್ತದೆ. ಒಂದು ಘನ ಸೆಂಟಿಮೀಟರು ನೀರಿನ ತೂಕ ಒಂದು ಗ್ರಾಮ್ ಅಷ್ಟೆ? ಆದುದರಿಂದ 20 ಸೆಂಟಿಮೀಟರು ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೀರಿನ ಭಾರ 20 ಗ್ರಾಮ್. ವಾಯುಮಂಡಲದ ಒತ್ತಡವಾದರೋ ಸುಮಾರು 1033 ಗ್ರಾಮ್. ಎಂದರೆ, ನಾವು ಅಳೆಯಬೇಕಾದುದು ವಾಯುಮಂಡಲದ ಒತ್ತಡದ ಐವತ್ತನೆಯ ಒಂದು ಪಾಲಿನಷ್ಟನ್ನು ಮಾತ್ರ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಇಷ್ಟು ಒತ್ತಡಕ್ಕೆ ಗಾಳಿಯ ಗಾತ್ರವು ನೂರಕ್ಕೆ ಎರಡು ಪಾಲಿನಷ್ಟು ಮಾತ್ರ ಕುಗ್ಗುತ್ತದೆ. ಗಾಳಿ ಹೀಗೆ ಹೆಚ್ಚು ಕುಗ್ಗದಿರುವುದರಿಂದಲೇ ತಳದ ಒತ್ತಡವು ಬಹುಮಟ್ಟಿಗೆ ಪೂರ್ಣವಾಗಿ ಮೇಲಕ್ಕೆ ಮುಟ್ಟುತ್ತದೆ.

ಮಾಪಕದೊಳಗೆ ತೆಳುವಾದ ಪೊರೆಯೊಂದಿದೆ. ಹಳೆಯ ಮಾದರಿಗಳಲ್ಲಿ ಒತ್ತಡವು ಗೊತ್ತಾದ ಮಿತಿಗೆ ಬಂದೊಡನೆ ಪೊರೆಯು ಉಬ್ಬಿ ಸ್ವಿಚ್ಚೊಂದನ್ನು ಒತ್ತುತ್ತದೆ. ನೀರಿನ ಕವಾಟ ಮುಚ್ಚುತ್ತದೆ. ಈಚಿನ ಅನೇಕ ಮಾದರಿಗಳಲ್ಲಿ ಪೊರೆಯು ಫೆರೈಟ್ ತುಂಡೊಂದನ್ನು ತಂತಿಯ ಸುರುಳಿಯೊಳಕ್ಕೆ ತಳ್ಳುತ್ತದೆ. ಅದರಿಂದ ಮಂಡಲದ ವಿದ್ಯುತ್ ಆಂದೋಲನಗಳ ಸಂಖ್ಯೆ ಬದಲಾಗುತ್ತದೆ. ಈ ಆಂದೋಲನಗಳನ್ನು ಎಣಿಸಿ ಫಲಕವು ನೀರಿನ ಮಟ್ಟವನ್ನು ಗ್ರಹಿಸುತ್ತದೆ.

ಈಗ ದೋಷಗಳ ಮೂಲ ತಾನಾಗಿಯೇ ಸ್ಪಷ್ಟವಾಗುವುದು. ಕೊಳವೆ ಬಿರುಕುಬಿಟ್ಟರೆ ಗಾಳಿ ಸೋರಿಹೋಗುತ್ತದೆ. ತೊಟ್ಟಿ ತುಂಬಿದರೂ ಮಾಪಕಕ್ಕೆ ಒತ್ತಡವೇ ಮುಟ್ಟದು. ಸೋರಿಕೆ ಅತ್ಯಲ್ಪವಾದರೆ, ಬಟ್ಟೆ ನೆನೆಯುತ್ತಿರುವಾಗ ಯಂತ್ರವು ಮತ್ತೆ ಮತ್ತೆ ನೀರನ್ನು ಸೇರಿಸಿಕೊಳ್ಳುತ್ತದೆ. ಗಡಸು ನೀರಿನಲ್ಲಿ ಸಾಬೂನು ಉಂಟುಮಾಡುವ ಜಿಗುಟು ಕೊಳೆ ಮತ್ತು ಬಟ್ಟೆಯ ನೂಲೆಳೆಗಳು ಗೂಡಿನ ಬಾಯನ್ನು ಮೊದಲೇ ಮುಚ್ಚಿದ್ದರೂ ಫಲ ಅದೇ. ಆದರೆ ತೊಟ್ಟಿ ತುಂಬಿದ ಮೇಲೆ ದಾರಿ ಕಟ್ಟಿಕೊಂಡರೆ ಒತ್ತಡವು ಒಳಗೇ ಸಿಕ್ಕಿಕೊಳ್ಳುತ್ತದೆ. ನೀರು ಹೊರಹೋದರೂ ಮಾಪಕವು “ತುಂಬಿದೆ” ಎಂದೇ ಸಾರುತ್ತಿರುತ್ತದೆ.

ಪರೀಕ್ಷೆಯನ್ನು ಕ್ರಮವಾಗಿ ನಡೆಸಬೇಕು. ಮೊದಲನೆಯದಾಗಿ, ನೀರು ತುಂಬುತ್ತಿರುವಾಗ ಗೋಡೆಯ ಸ್ವಿಚ್ಚನ್ನು ಆರಿಸೋಣ. ಆಗಲೂ ನೀರು ನಿಲ್ಲದಿದ್ದರೆ ಕವಾಟವೇ ತೆರೆದುಕೊಂಡು ಸಿಕ್ಕಿಬಿದ್ದಿದೆ, ಮಾಪಕವು ನಿರಪರಾಧಿ. ಕೂಡಲೆ ನಲ್ಲಿಯನ್ನು ಮುಚ್ಚಬೇಕು. ಎರಡನೆಯದಾಗಿ, ಕೊಳೆನೀರಿನ ಕೊಳವೆಯ ತುದಿಯನ್ನು ನೋಡೋಣ. ಅದು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಬಿದ್ದಿದ್ದರೆ ಬಂದ ನೀರು ಬಂದಂತೆಯೇ ಹರಿದುಹೋಗುವುದು. ತೊಟ್ಟಿ ತುಂಬಿಲ್ಲವೆಂದು ಮಾಪಕ ಹೇಳುವುದು ಆಗ ನಿಜವೇ ಆಗಿರುತ್ತದೆ.

ಇವೆರಡೂ ಸರಿಯಾಗಿದ್ದರೆ ಮಾತ್ರ ಯಂತ್ರವನ್ನು ಬಿಚ್ಚುವ ಮಾತು. ಅದಕ್ಕೆ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿರಲೇಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು. ತೊಟ್ಟಿಯ ನೀರನ್ನೂ ಬಸಿದಿರಬೇಕು. ವಿದ್ಯಾರ್ಥಿಗಳು ಈ ಕೆಲಸಕ್ಕೆ ತಿಳಿದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳತಕ್ಕದ್ದು. ಕೊಳವೆಯನ್ನು ಎರಡು ಕಡೆಯೂ ಬಿಡಿಸಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ನಡುಭಾಗವನ್ನು ನೀರಿನಲ್ಲಿ ಮುಳುಗಿಸಿ ಊದಿದರೆ, ಸೋರುವ ಕಡೆ ಗುಳ್ಳೆಗಳೇಳುತ್ತವೆ. ಗೂಡನ್ನೂ ಕೊಳವೆಯನ್ನೂ ಬೆಚ್ಚನೆಯ ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಕೊಳವೆಯ ಬಾಗಿನಲ್ಲಿ ಎರಡು ಸೆಂಟಿಮೀಟರು ನೀರು ಉಳಿದರೂ ಅಷ್ಟರಮಟ್ಟಿಗೆ ಅಳತೆ ತಪ್ಪೀತು.

ಕೊನೆಯ ಸರದಿ ಮಾಪಕದ್ದು. ಹಳೆಯ ಮಾದರಿಯಾದರೆ ಅದರ ಮೂತಿಗೆ ಶುದ್ಧವಾದ ಕೊಳವೆಯನ್ನು ಜೋಡಿಸಿ ಮೆಲ್ಲನೆ ಊದಿದಾಗ “ಟಿಕ್” ಎಂಬ ಸದ್ದು ಕೇಳಬೇಕು. ಊದುವುದನ್ನು ನಿಲ್ಲಿಸಿದಾಗ ಮತ್ತೊಮ್ಮೆ ಕೇಳಬೇಕು. ಬಲವಾಗಿ ಊದಲಾಗದು. ಪೊರೆಗೆ ಬೇಕಾದುದು ಅಂಗೈಯಗಲದ ನೀರಿನ ಒತ್ತಡ. ನಮ್ಮ ಎದೆಯಿಂದ ಹೊರಡುವ ಬಲ ಅದರ ಹಲವು ಮಡಿ. ಹೊಸ ಮಾದರಿಯಲ್ಲಿ ಸದ್ದಿರದು. ತಂತಿಗಳ ಜೋಡಣೆ ಬಿಗಿಯಾಗಿದೆಯೇ ಎಂದು ನೋಡಿ, ಆಂದೋಲನಗಳನ್ನು ಅಳೆಯುವ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕಿಗೆ ಬಿಡುವುದು ಲೇಸು. ಇವೆಲ್ಲವೂ ಸರಿಯಾಗಿದ್ದರೆ ಮಾತ್ರ ಫಲಕದ ಮೇಲೆ ಸಂಶಯಪಡಬೇಕು.

ಸುಲಭವಾದುದರಿಂದ ಕಠಿನವಾದುದಕ್ಕೆ, ವೆಚ್ಚವಿಲ್ಲದ ಪರೀಕ್ಷೆಯಿಂದ ವೆಚ್ಚದ ಪರೀಕ್ಷೆಗೆ ಸಾಗುವುದೇ ಇಲ್ಲಿಯ ಕ್ರಮ. ವಾಚಕರಿಗೆ ಒಂದು ಪ್ರಶ್ನೆ: ತೊಟ್ಟಿಯಲ್ಲಿ ನೀರಿರುವಾಗಲೇ ಸೀಳಿದ ಕೊಳವೆಯನ್ನು ತೆಗೆದು ಹೊಸದನ್ನು ಜೋಡಿಸಿದರೆ ಮಾಪಕವು ಸರಿಯಾದ ಮಟ್ಟವನ್ನು ತೋರಿಸೀತೇ? ಬೋರಲು ಲೋಟದ ಪ್ರಯೋಗವನ್ನು ನೆನೆದರೆ, ತೊಟ್ಟಿಯನ್ನು ಮೊದಲು ಬಸಿಯಬೇಕೆಂದು ಹೇಳಿದುದೇಕೆಂಬುದು ತಿಳಿದೀತು.