ಹಳೆ ಗಾಡಿಯ ಮುಂದಿನ ಸಸ್ಪೆನ್ಷನ್: ರಿಪೇರಿ ಸಾಲಕ್ಕೆ ಸಹಿ ಹಾಕುವ ಮೊದಲು



ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿದರೆ ಮಕ್ಕಳ ಫೀಸು, ಮದುವೆ, ದನ, ಮನೆಯ ಮಾಡು ಇವುಗಳ ಜೊತೆ "ಗಾಡಿ ರಿಪೇರಿ" ಎಂಬ ಬರಹವೂ ಕಾಣುತ್ತದೆ. ಗಂಡನೋ ಮಗನೋ ಹಳೆ ಗಾಡಿಯನ್ನು ಬಾಡಿಗೆಗೆ ಓಡಿಸುವ ಮನೆಯಲ್ಲಿ ಗಾಡಿ ನಿಂತರೆ ಅವತ್ತಿನ ಸಂಪಾದನೆಯೂ ನಿಂತ ಹಾಗೆ. ಸಾಲ ಕೇಳುವವಳು ಸದಸ್ಯೆ, ಕಂತು ಕಟ್ಟುವವಳೂ ಅವಳೇ. ಆದರೆ ಏನು ಕೆಟ್ಟಿತ್ತು, ಯಾವ ಸಾಮಾನು ಹಾಕಿದರು ಎಂದು ಕೇಳಿದರೆ "ಅದೆಲ್ಲಾ ಗಂಡಸರಿಗೆ ಗೊತ್ತು" ಅಂತೇವೆ. ದುಡ್ಡು ನಮ್ಮದಾದ ಮೇಲೆ ವಿಷಯವೂ ನಮಗೆ ತಿಳಿದಿರಬೇಕು. ಈ ಪಾಠ ಅದಕ್ಕಾಗಿ.

ಉದಾಹರಣೆಗೆ ಟೊಯೊಟಾ ಕ್ವಾಲಿಸ್ ಗಾಡಿಯನ್ನು ತೆಗೆದುಕೊಳ್ಳೋಣ. ಬೆಂಗಳೂರು ಸಮೀಪದ ಬಿಡದಿ ಕಾರ್ಖಾನೆಯಲ್ಲಿ ತಯಾರಾಗಿ, 2000ದಿಂದ 2005ರವರೆಗೆ ಮಾರಾಟವಾದ ಗಾಡಿ ಇದು. ಎಲ್ಲಕ್ಕಿಂತ ಕಿರಿಯ ಕ್ವಾಲಿಸ್‌ಗೂ ಈಗ ಸುಮಾರು ಇಪ್ಪತ್ತು ವರ್ಷ. ಇಂಜಿನ್ ಚೆನ್ನಾಗಿದ್ದರೂ ಮುಂದಿನ ಚಕ್ರದ ಹಿಂದಿರುವ ರಬ್ಬರು, ಜಾಯಿಂಟುಗಳು ಅಷ್ಟು ಕಾಲ ಬಾಳುವುದಿಲ್ಲ.

1. ಚಕ್ರದ ಹಿಂದೆ ಏನೇನಿದೆ?

ಕ್ವಾಲಿಸ್‌ನ ಮುಂದಿನ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ಕಬ್ಬಿಣದ ತೋಳು ಹಿಡಿದುಕೊಂಡಿರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಆರ್ಮ್ ಅಂತಾರೆ. ಆರ್ಮ್ ಚಾಸಿಗೆ ಸೇರುವ ಜಾಗದಲ್ಲಿ ರಬ್ಬರಿನ ಬುಷ್ ಇದೆ. ಚಕ್ರದ ಕಡೆ ಸೇರುವ ಜಾಗದಲ್ಲಿ ಬಾಲ್ ಜಾಯಿಂಟ್ ಇದೆ. ನಮ್ಮ ಸೊಂಟದ ಕೀಲಿನ ಹಾಗೆ, ಬಟ್ಟಲಿನೊಳಗೆ ಗುಂಡು ತಿರುಗುವ ಜಾಯಿಂಟ್ ಇದು. ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ಎಳೆಯುವ ರಾಡಿನ ತುದಿಯಲ್ಲಿ ಟೈ ರಾಡ್ ಎಂಡ್ ಇದೆ.

ಗಾಡಿಯ ಭಾರ ಹೊರುವುದು ಶಾಕ್ ಅಬ್ಸಾರ್ಬರ್ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಭಾರ ಹೊರುವುದು ಸ್ಪ್ರಿಂಗ್. ಕ್ವಾಲಿಸ್‌ನ ಮುಂಭಾಗದಲ್ಲಿ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್ ಎಂಬ ಉದ್ದ ಸರಳಿದೆ. ಅದು ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಗುಂಡಿಗೆ ಇಳಿದು ಹತ್ತಿದ ಮೇಲೆ ಗಾಡಿ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ.

2. ಸವೆದದ್ದು ಗೊತ್ತಾಗುವುದು ಹೇಗೆ?

ಶಬ್ದ ಕೇಳಿದ ತಕ್ಷಣ "ಶಾಕ್ ಹೋಗಿದೆ" ಎಂದು ಹೊಸದು ಹಾಕಿಸುತ್ತೇವೆ. ವಾರ ಕಳೆದರೆ ಅದೇ ಶಬ್ದ. ಬುಷ್ ಸವೆದರೂ ಟಕ್ ಟಕ್, ಬಾಲ್ ಜಾಯಿಂಟ್ ಸಡಿಲವಾದರೂ ಟಕ್ ಟಕ್. ಆದ್ದರಿಂದ ಬರೀ ಶಬ್ದ ನಂಬಿ ದುಡ್ಡು ಹಾಕಬೇಡಿ. ಸಡಿಲ ಎಲ್ಲಿದೆ ಎಂದು ಕಣ್ಣಾರೆ ನೋಡಿ ಹಾಕಿ. ಪರೀಕ್ಷೆಗಳು ಸುಲಭ:

* ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿದೆ. ಎರಡು ಮೂರು ಸಲ ಕುಣಿದರೆ, ಅಥವಾ ಅದರ ಮೈಯಿಂದ ಎಣ್ಣೆ ಒಸರುತ್ತಿದ್ದರೆ, ಅದು ಮುಗಿದಿದೆ.

* ಟೈರ್ ನೋಡಿ. ಒಳಬದಿ ಅಥವಾ ಹೊರಬದಿ ಮಾತ್ರ ಸವೆದಿದ್ದರೆ ಚಕ್ರದ ಕೋನ ತಪ್ಪಿದೆ. ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಬೇಕು.

* ಗ್ಯಾರೇಜಿನಲ್ಲಿ ಚಕ್ರ ಎತ್ತಿದಾಗ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಲು ಹೇಳಿ. ಆಟ ಕಂಡರೆ ಬಾಲ್ ಜಾಯಿಂಟೋ ಬೇರಿಂಗೋ ಸವೆದಿದೆ. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತುಹೋದರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್.

* ಎಡ ಬಲ ಹಿಡಿದು ಅಲುಗಾಡಿಸಿದಾಗ ಸಡಿಲವಿದ್ದರೆ ಮೊದಲು ಟೈ ರಾಡ್ ಎಂಡ್ ನೋಡಬೇಕು.

* ಬುಷ್ಷಿನ ರಬ್ಬರು ಬಿರಿದಿದೆಯೇ, ಜಾಯಿಂಟಿನ ರಬ್ಬರ್ ಟೊಪ್ಪಿ ಹರಿದಿದೆಯೇ ನೋಡಿ. ಟೊಪ್ಪಿ ಹರಿದರೆ ಗ್ರೀಸ್ ಹೊರಗೆ ಬರುತ್ತದೆ, ಮಳೆನೀರು, ಮಣ್ಣು ಒಳಗೆ ಹೋಗುತ್ತದೆ. ಆಮೇಲೆ ಜಾಯಿಂಟ್ ಬಹಳ ದಿನ ಬಾಳುವುದಿಲ್ಲ.

ಇವುಗಳಲ್ಲಿ ಬಾಲ್ ಜಾಯಿಂಟನ್ನು ಎಂದೂ ಮುಂದಕ್ಕೆ ಹಾಕಬೇಡಿ. ಅದು ಪೂರ್ತಿ ಕಳಚಿದರೆ ಚಕ್ರ ವಾಲಿ ಗಾಡಿ ಹಿಡಿತ ತಪ್ಪುತ್ತದೆ. ಘಾಟಿಯ ತಿರುವಿನಲ್ಲಿ ಹೀಗಾದರೆ ಒಳಗೆ ಕೂತವರ ಜೀವಕ್ಕೇ ಅಪಾಯ. "ಈ ಸೀಸನ್ ಮುಗೀಲಿ, ಆಮೇಲೆ ನೋಡೋಣ" ಎಂಬ ಮಾತು ಬುಷ್ಷಿಗೆ ಸ್ವಲ್ಪ ದಿನ ನಡೆದೀತು, ಬಾಲ್ ಜಾಯಿಂಟಿಗೆ, ಟೈ ರಾಡ್ ಎಂಡಿಗೆ ನಡೆಯದು.

3. ಮೆಕ್ಯಾನಿಕ್ ಹತ್ತಿರ ಮಾತಾಡುವುದು

ನಾಚಿಕೆ ಬೇಡ. ಹೀಗೆ ಕೇಳಬಹುದು:

"ಅಣ್ಣಾ, ಯಾವ್ದು ಸವೆದಿದೆ, ಒಮ್ಮೆ ಅಲುಗಾಡಿಸಿ ತೋರ್ಸಿ."

"ನೋಡಿ ಅಕ್ಕಾ, ಕೆಳಗಿನ ಬಾಲ್ ಜಾಯಿಂಟ್ ಇಷ್ಟು ಆಡ್ತಿದೆ."

"ಆ ಕಡೆ ಚಕ್ರದ್ದು ಹೇಗಿದೆ? ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು, ಚೀಟಿಯಲ್ಲಿ ಬರ್ದು ಕೊಡಿ. ಹಳೆ ಸಾಮಾನು ನಮ್ಗೆ ವಾಪಸ್ ಬೇಕು."

ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಪಡುವುದಿಲ್ಲ. ಶಾಕ್ ಅಬ್ಸಾರ್ಬರನ್ನು ಯಾವಾಗಲೂ ಎರಡೂ ಕಡೆ ಸೇರಿಸಿ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ಗಾಡಿ ಎರಡೂ ಬದಿಗೆ ಒಂದೇ ಸಮ ನಿಲ್ಲುವುದಿಲ್ಲ. ಬುಷ್, ಬಾಲ್ ಜಾಯಿಂಟುಗಳೂ ಎರಡು ಕಡೆ ಒಂದೇ ರಸ್ತೆಯಲ್ಲಿ ಸವೆದಿರುವುದರಿಂದ ಜೋಡಿಯಾಗಿ ಬದಲಿಸಿದರೆ ಗಾಡಿಯನ್ನು ಮತ್ತೆ ಮತ್ತೆ ಬಿಚ್ಚುವುದು ತಪ್ಪುತ್ತದೆ.

ತಿರುಚಿದ ಟಾರ್ಷನ್ ಬಾರ್, ಒತ್ತಿದ ಸ್ಪ್ರಿಂಗ್ ಎರಡರಲ್ಲೂ ಭಾರೀ ಶಕ್ತಿ ಅಡಗಿರುತ್ತದೆ. ಮನೆಯಂಗಳದಲ್ಲಿ ಬರೀ ಜಾಕಿ ಕೊಟ್ಟು ಇದನ್ನು ಬಿಚ್ಚಲು ಮಕ್ಕಳನ್ನು ಬಿಡಬೇಡಿ.

4. ಜೋಡಿಸುವಾಗ ಮರೆಯುವ ನಾಲ್ಕು ಕೆಲಸ

* ಟಾರ್ಷನ್ ಬಾರ್ ಬಿಚ್ಚುವ ಮೊದಲು ಅದು ಕೂತಿದ್ದ ಜಾಗಕ್ಕೆ ಗುರುತು ಹಾಕಬೇಕು. ಎಡದ್ದನ್ನು ಬಲಕ್ಕೆ ಹಾಕಬಾರದು.

* ಆರ್ಮಿನ ರಬ್ಬರ್ ಬುಷ್ಷಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಚಕ್ರ ನೆಲಕ್ಕೆ ಇಳಿದು ಗಾಡಿಯ ಭಾರ ಬಿದ್ದ ಮೇಲೆ. ಚಕ್ರ ಗಾಳಿಯಲ್ಲಿದ್ದಾಗಲೇ ಬಿಗಿ ಮಾಡಿದರೆ, ಇಳಿಸಿದಾಗ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯಿತು ಎಂಬ ದೂರಿಗೆ ಇದೂ ಒಂದು ಕಾರಣ.

* ಬಾಲ್ ಜಾಯಿಂಟ್ ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ದರೆ ಹೊಸದೇ ಹಾಕಬೇಕು. ಸಣ್ಣ ತಂತಿಯಂಥದ್ದು, ಆದರೆ ನಟ್ ಕಳಚದಂತೆ ಕಾಯುವುದು ಅದೇ.

* ಮೊದಲು ಎರಡೂ ಬದಿಯ ಎತ್ತರ ಸಮ ಮಾಡಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಆರ್ಮ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮುಟ್ಟಿದ ಮೇಲೆ ಇದನ್ನು ಬಿಟ್ಟರೆ ಹೊಸ ಟೈರ್ ಸವೆದು, ಉಳಿಸಿದ್ದಕ್ಕಿಂತ ಹೆಚ್ಚು ಖರ್ಚು ಬರುತ್ತದೆ.

5. ಸಂಘದ ಸಾಲ

ಸಭೆಯಲ್ಲಿ ಅರ್ಜಿ ಬಂದಾಗ ಮೆಕ್ಯಾನಿಕ್ ಬರೆದ ಚೀಟಿ ಕೇಳಿ. ಅಲೈನ್‌ಮೆಂಟ್ ಖರ್ಚೂ ಅದರಲ್ಲಿ ಸೇರಿರಲಿ. ಲೆಕ್ಕ ತಿಳಿಯಲು 12,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ, 10 ಕಂತು ಎಂದಿಟ್ಟುಕೊಳ್ಳಿ. ಪ್ರತಿ ತಿಂಗಳು ಅಸಲು 1,200. ಬಡ್ಡಿ ಮೊದಲ ತಿಂಗಳು 120, ಎರಡನೇ ತಿಂಗಳು 108, ಹೀಗೆ ಇಳಿಯುತ್ತಾ ಕೊನೆಗೆ 12. ಒಟ್ಟು ಬಡ್ಡಿ 660 ರೂಪಾಯಿ. ಗಾಡಿಯ ಬಾಡಿಗೆಯಲ್ಲಿ ಡೀಸೆಲ್, ಇನ್ಶೂರೆನ್ಸ್ ಕಳೆದು ತಿಂಗಳಿಗೆ ಇಷ್ಟು ಉಳಿಯುತ್ತದೆಯೇ ಎಂದು ಎಲ್ಲರೂ ಕೂತು ನೋಡಬೇಕು.

ಇನ್ನೊಂದು ಮಾತು. ಆರ್ಮ್ ಸೇರುವ ಜಾಗದಲ್ಲಿ ಚಾಸಿಯೇ ತುಕ್ಕು ಹಿಡಿದು ತೂತಾಗಿದ್ದರೆ ಹೊಸ ಬುಷ್ ಹಾಕಿ ಪ್ರಯೋಜನವಿಲ್ಲ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷವೂ ಫಿಟ್ನೆಸ್ ಸರ್ಟಿಫಿಕೇಟ್ ಬೇಕು. ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಅದಕ್ಕೂ ಪರೀಕ್ಷೆ ಇದೆ. ಅಲ್ಲಿ ನಿಲ್ಲದ ಗಾಡಿಗೆ ಸಾಲ ಕೊಟ್ಟರೆ ಗಾಡಿಯೂ ಇಲ್ಲ, ಕಂತೂ ತಪ್ಪುವುದಿಲ್ಲ. ಅಂಥಾ ಕಡೆ "ಬೇಡ ಅಕ್ಕಾ, ಈ ಗಾಡಿಗೆ ಬೇಡ" ಎಂದು ಹೇಳುವುದೂ ಸಂಘದ ಸಹಾಯವೇ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಗಾಡಿ ರಿಪೇರಿಗೆ ಕೊಟ್ಟ ಸಾಲಗಳಲ್ಲಿ ಎಷ್ಟಕ್ಕೆ ಬಿಲ್ ಇದೆ?

2. ಒಂದೇ ರಿಪೇರಿಗೆ ಎರಡು ಸಲ ಸಾಲ ಕೊಟ್ಟಿದ್ದೇವೆಯೇ? ಯಾಕೆ?

3. ಬರುವ ಸಭೆಯ ಮೊದಲು ಮನೆಯಲ್ಲಿ ಗಾಡಿ ಇರುವ ಸದಸ್ಯೆಯರು ಮುಂದಿನ ಎರಡೂ ಟೈರ್ ನೋಡಿ, ಸವೆತ ಎಲ್ಲಿದೆ ಎಂದು ಬರೆದು ತನ್ನಿ.